ಎತ್ತರದ ಗಾದಿ, ತಗ್ಗಿದ ಕಾರು: ವಾಹನ ಸಿಂಗಾರದ ಒಂದು ಚರಿತ್ರೆ



ಎಳ್ಳ ಅಮಾವಾಸ್ಯೆಯ ದಿನ ಬೆಳಿಗ್ಗೆ ಬೀದರಿನಿಂದ ಭಾಲ್ಕಿಗೆ ಅಥವಾ ಔರಾದಿಗೆ ಹೋಗುವ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಭಜ್ಜಿ, ರೊಟ್ಟಿ, ಅಂಬಲಿಯ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲದ ಕಡೆಗೆ ಹೊರಟಿರುತ್ತಾರೆ. ಹೆಚ್ಚಿನವರು ಈಗ ಮೋಟಾರ್ ಸೈಕಲ್, ಟಂಟಂ ಅಥವಾ ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ. ಆದರೂ ನಡುನಡುವೆ ಒಂದೊಂದು ಎತ್ತಿನ ಬಂಡಿ ಕಾಣಸಿಗುತ್ತದೆ. ಎತ್ತುಗಳ ಕೊರಳಲ್ಲಿ ಗೆಜ್ಜೆ, ಹಣೆಯ ಮೇಲೆ ಗೊಂಡೆ, ಬೆನ್ನ ಮೇಲೆ ಬಣ್ಣದ ಝೂಲ, ಕೊಂಬಿನ ತುದಿಗೆ ಹೊಳೆಯುವ ಕೊಂಬಣಸು. ಬಂಡಿಯ ನೊಗಕ್ಕೂ ಬಣ್ಣ, ಗಾಲಿಯ ಅರಗಳಿಗೂ ಬಣ್ಣ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಣ್ಣ ಬಳಿದರೆ ಬಂಡಿ ಬೇಗ ಓಡುವುದೇ? ಗೆಜ್ಜೆ ಕಟ್ಟಿದರೆ ಎತ್ತು ಹೆಚ್ಚು ಭಾರ ಎಳೆಯುವುದೇ? ಎರಡೂ ಇಲ್ಲ. ಹಾಗಿದ್ದರೆ ಕೈಯಲ್ಲಿ ಕಾಸು ಕಡಿಮೆ ಇರುವ ರೈತನೂ ಇದಕ್ಕಾಗಿ ಹಣ, ಸಮಯ ಎರಡನ್ನೂ ಏಕೆ ವ್ಯಯಿಸುತ್ತಾನೆ?

ಚರಿತ್ರೆಯ ಪಾಠಗಳಲ್ಲಿ ನಾವು ವಾಹನವನ್ನು ಸಾಗಾಟದ ಸಾಧನವೆಂದೇ ಓದುತ್ತೇವೆ. ರಸ್ತೆ ಎಷ್ಟು ಉದ್ದ, ಸರಕು ಎಷ್ಟು, ವ್ಯಾಪಾರ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಆದರೆ ವಾಹನಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಬೀದಿಯಲ್ಲಿ ಹೋಗುವಾಗ ಜನ ತಮ್ಮನ್ನು ಹೇಗೆ ನೋಡಬೇಕೆಂದು ಮನುಷ್ಯ ಬಯಸುತ್ತಾನೆ ಎಂಬುದರ ಚರಿತ್ರೆ ಅದು. ಅದನ್ನು ತಿಳಿಯಲು ಮೂರು ಬಗೆಯ ವಾಹನಗಳನ್ನು ನೋಡೋಣ. ಒಂದು ಹೈದರಾಬಾದಿನ ನಿಜಾಮರ ಕಾರು, ಇನ್ನೊಂದು ಅಮೆರಿಕದ ಕೂಲಿಕಾರರ ಮಕ್ಕಳ ಕಾರು, ಮೂರನೆಯದು ನಮ್ಮದೇ ಬಂಡಿ ಮತ್ತು ಟ್ರ್ಯಾಕ್ಟರು.

ನಿಜಾಮರ ಹಳದಿ ಕಾರು

1948ರ ಸೆಪ್ಟೆಂಬರ್‌ವರೆಗೆ ಬೀದರ್, ಭಾಲ್ಕಿ, ಔರಾದ್ ಮೂರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ ಇವು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಆದ್ದರಿಂದ ನಮ್ಮ ಜಿಲ್ಲೆಯ ಹಿರಿಯರಿಗೆ ರಾಜಧಾನಿ ಎಂದರೆ ಬಹುಕಾಲ ಹೈದರಾಬಾದೇ ಆಗಿತ್ತು.

ಆ ರಾಜಧಾನಿಯಲ್ಲಿ 1911ರಲ್ಲಿ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನ್ ಅವರು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿಯ ಸಿಲ್ವರ್ ಘೋಸ್ಟ್ ಕಾರೊಂದನ್ನು ತರಿಸಲು ಆಜ್ಞೆ ಮಾಡಿದರು. ಆ ಕಾಲದಲ್ಲಿ ಇಂಥ ಕಾರುಗಳನ್ನು ಕೊಳ್ಳುವ ರೀತಿಯೇ ಬೇರೆ. ಕಂಪನಿಯವರು ಎಂಜಿನ್, ಚಾಸಿ, ಗಾಲಿಗಳನ್ನು ಮಾತ್ರ ಮಾಡಿ ಕೊಡುತ್ತಿದ್ದರು. ಮೇಲಿನ ಮೈಯನ್ನು ಬೇರೊಂದು ಕಾರ್ಖಾನೆ ಗಿರಾಕಿಯ ಇಷ್ಟದಂತೆ ಕಟ್ಟುತ್ತಿತ್ತು. ಹಿಂದೆ ಕುದುರೆ ಸಾರೋಟು ಕಟ್ಟುತ್ತಿದ್ದ ಕಸುಬಿನವರೇ ಈಗ ಕಾರಿನ ಮೈ ಕಟ್ಟುವವರಾಗಿದ್ದರು. ನಿಜಾಮರ ಕಾರಿನ ಮೈ ಕಟ್ಟಿದ್ದು ಲಂಡನ್ನಿನ ಬಾರ್ಕರ್ ಕಂಪನಿ.

ಆ ಕಾರಿನ ಬಣ್ಣ ಹಳದಿ. ಅದರ ಹಿಂಭಾಗದಲ್ಲಿ ಸಾಮಾನ್ಯ ಆಸನವಿಲ್ಲ. ನೆಲದಿಂದ ಎತ್ತರಕ್ಕೆ ಏರಿಸಿದ ಒಂದು ಗಾದಿ, ಅಂದರೆ ಸಿಂಹಾಸನದಂಥ ಪೀಠವಿದೆ. ಆನೆಯ ಅಂಬಾರಿಯಲ್ಲಿ ಕುಳಿತ ದೊರೆ ಜನರಿಗೆಲ್ಲ ಕಾಣುವಂತೆ ಕಾರಿನಲ್ಲಿ ಕುಳಿತ ದೊರೆಯೂ ಕಾಣಬೇಕೆಂಬುದು ಅದರ ಉದ್ದೇಶ. ಆದರೆ ಕಾರು ಬರುವ ಮೊದಲೇ, 1911ರ ಆಗಸ್ಟ್‌ನಲ್ಲಿ, ಮಹಬೂಬ್ ಅಲಿ ಖಾನ್ ತೀರಿಕೊಂಡರು. ಕಾರು ಅವರ ಮಗ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರಿಗೆ ಸೇರಿತು. ಹಲವು ದಶಕಗಳಲ್ಲಿ ಅದು ಓಡಿದ್ದು ಕೆಲವೇ ನೂರು ಮೈಲಿ. ಇಂದಿಗೂ ಅದನ್ನು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನೋಡಬಹುದು.

ಓಡಿದ ದೂರ ಇಷ್ಟು ಕಡಿಮೆಯೆಂದ ಮೇಲೆ ಆ ಕಾರು ಪ್ರಯಾಣಕ್ಕೆ ಮಾಡಿಸಿದ್ದಲ್ಲವೆಂಬುದು ಸ್ಪಷ್ಟ. ಅದು ಮೆರವಣಿಗೆಗಾಗಿ ಮಾಡಿಸಿದ್ದು. ಪೀಠದ ಎತ್ತರವೇ ಅಧಿಕಾರದ ಗುರುತು.

ಅಮೆರಿಕದಲ್ಲಿ ಹಳೆಯ ಕಾರಿನ ಕಥೆ

ಇನ್ನು ಅಮೆರಿಕಕ್ಕೆ ಹೋಗೋಣ. ಅಲ್ಲಿ ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1908ರಿಂದ ತಯಾರಿಸತೊಡಗಿದ. 1914ರಿಂದ ಕೆಲವು ವರ್ಷ ಅದು ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿತ್ತು. ಲಕ್ಷಾಂತರ ಕಾರುಗಳು, ಎಲ್ಲವೂ ಒಂದೇ ಅಚ್ಚಿನವು. ಪ್ರತಿಸ್ಪರ್ಧಿಯಾದ ಜನರಲ್ ಮೋಟಾರ್ಸ್ ಬೇರೆ ದಾರಿ ಹಿಡಿಯಿತು. ಹಾಲಿವುಡ್ ನಟರಿಗೆ ವಿಶೇಷ ಕಾರುಗಳ ಮೈ ವಿನ್ಯಾಸ ಮಾಡುತ್ತಿದ್ದ ಹಾರ್ಲಿ ಅರ್ಲ್ ಎಂಬಾತನನ್ನು ಅದು 1927ರಲ್ಲಿ ಕರೆಸಿಕೊಂಡು, ಕಾರಿನ ರೂಪ ಮತ್ತು ಬಣ್ಣಕ್ಕೆಂದೇ ಒಂದು ವಿಭಾಗ ತೆರೆಯಿತು. ವರ್ಷಕ್ಕೊಂದು ಹೊಸ ರೂಪದ ಕಾರು ಪೇಟೆಗೆ ಬರತೊಡಗಿತು.

ಇದರ ಫಲವೇನು? ಹೊಸ ಮಾದರಿ ಬಂದ ಕೂಡಲೇ ಹಳೆಯದರ ಬೆಲೆ ಇಳಿಯುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಹಳೆಯ ಕಾರುಗಳು ಕೂಲಿಕಾರರ ಕೈಗೂ ಎಟುಕುವಂತಾದವು. ಹಾಗೆ ಕೊಂಡವರಲ್ಲಿ ಕ್ಯಾಲಿಫೋರ್ನಿಯ, ನ್ಯೂ ಮೆಕ್ಸಿಕೊ ಮೊದಲಾದ ಕಡೆ ನೆಲೆಸಿದ್ದ ಮೆಕ್ಸಿಕೊ ಮೂಲದ ಅಮೆರಿಕನ್ನರು ಮುಖ್ಯರು. ಅವರಲ್ಲಿ ಹಲವರು ಹೊಲಗಳಲ್ಲಿ, ಹಣ್ಣಿನ ತೋಟಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರು. ಯುದ್ಧದಲ್ಲಿ ಹೋರಾಡಿ ಬಂದವರೂ ಅವರಲ್ಲಿದ್ದರು. ಆದರೂ ಅವರಿಗೆ ಅವಮಾನ ತಪ್ಪಿರಲಿಲ್ಲ. 1943ರ ಜೂನ್‌ನಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಅಗಲವಾದ, ಠೀವಿಯ ಉಡುಪು ತೊಟ್ಟ ಮೆಕ್ಸಿಕನ್ ತರುಣರನ್ನು ಹಾದಿಬೀದಿಯಲ್ಲಿ ಹಿಡಿದು ಹೊಡೆದು, ಅವರ ಬಟ್ಟೆ ಹರಿದ ಘಟನೆಗಳು ದಿನಗಟ್ಟಲೆ ನಡೆದವು. ಬಡವನು ಚೆನ್ನಾಗಿ ಉಟ್ಟು ಬೀದಿಗೆ ಬರುವುದನ್ನೇ ಕೆಲವರು ಸಹಿಸಲಿಲ್ಲ.

ಕೆಳಕ್ಕಿಳಿದ ಕಾರು

ಯುದ್ಧಾನಂತರ ಅಮೆರಿಕದ ಬಹುಪಾಲು ತರುಣರಿಗೆ ಕಾರಿನ ವೇಗದ ಹುಚ್ಚು ಹಿಡಿಯಿತು. ಅವರು ಹಳೆಯ ಕಾರಿನ ಎಂಜಿನ್ ಬಲಪಡಿಸಿ ಪಂದ್ಯಕ್ಕೆ ಬಿಡುತ್ತಿದ್ದರು. ಮೆಕ್ಸಿಕೊ ಮೂಲದ ತರುಣರು ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿದರು. ಅವರು ಕಾರಿನ ಡಿಕ್ಕಿಯಲ್ಲಿ ಮರಳಿನ ಮೂಟೆ ಹೇರಿ ಅಥವಾ ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸಿ ಕಾರಿನ ಮೈಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿದರು. ಅದನ್ನು ಬೀದಿಯಲ್ಲಿ ನಿಧಾನವಾಗಿ, ತೇರು ಎಳೆದಂತೆ ಓಡಿಸಿದರು. ತಗ್ಗಾಗಿ, ಮೆಲ್ಲಗೆ ಹೋಗುವುದೇ ಅವರ ನಿಯಮ. ಇಂಥ ಕಾರಿಗೂ ಅದನ್ನು ಓಡಿಸುವವರಿಗೂ ಲೋರೈಡರ್ ಎಂಬ ಹೆಸರು ಬಂತು.

ನಿಜಾಮರ ಕಾರಿನ ಜೊತೆ ಇದನ್ನು ಹೋಲಿಸಿ ನೋಡಿ. ದೊರೆ ಪೀಠವನ್ನು ಮೇಲಕ್ಕೇರಿಸಿದರು, ಕೂಲಿಕಾರನ ಮಗ ಕಾರನ್ನೇ ಕೆಳಗಿಳಿಸಿದ. ದಾರಿ ಬೇರೆಯಾದರೂ ಉದ್ದೇಶದಲ್ಲಿ ಸಾಮ್ಯವಿದೆ. ಇಬ್ಬರಿಗೂ ಬೀದಿಯಲ್ಲಿ ಕಾಣಿಸಿಕೊಳ್ಳಬೇಕಾಗಿತ್ತು. ದೊರೆಗೆ ಅದು ಹುಟ್ಟಿನಿಂದ ಬಂದ ಹಕ್ಕು. ಈ ತರುಣರಿಗೆ ಮಾತ್ರ ಅದನ್ನು ತಾವಾಗಿ ಸಂಪಾದಿಸಿಕೊಳ್ಳಬೇಕಾಗಿತ್ತು. ವೇಗವಾಗಿ ಹೋದರೆ ಯಾರೂ ನೋಡುವುದಿಲ್ಲವೆಂದೇ ಅವರು ನಿಧಾನವನ್ನು ಆರಿಸಿಕೊಂಡರು.

ಕಾಯಿದೆ ಮತ್ತು ವಿಮಾನದ ಪಂಪು

ಸರ್ಕಾರ ಇದನ್ನು ಒಪ್ಪಲಿಲ್ಲ. ಗಾಲಿಯ ಉಕ್ಕಿನ ಬಳೆಯ ಕೆಳ ಅಂಚಿಗಿಂತ ಕಾರಿನ ಯಾವ ಭಾಗವೂ ತಗ್ಗಿನಲ್ಲಿರಕೂಡದೆಂಬ ನಿಯಮ ಕ್ಯಾಲಿಫೋರ್ನಿಯದಲ್ಲಿ 1958ರ ಜನವರಿ 1ರಿಂದ ಜಾರಿಗೆ ಬಂತು. ಇದಕ್ಕೆ ಉತ್ತರ ಸಿಕ್ಕಿದ್ದು ವಿಮಾನದ ಹಳೆಯ ಸಾಮಾನಿನ ಅಂಗಡಿಯಲ್ಲಿ! 1959ರ ಸುಮಾರಿಗೆ ರಾನ್ ಅಗೈರೆ ಎಂಬ ತರುಣ ತನ್ನ 1957ರ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಪಂಪು ಮತ್ತು ಕವಾಟಗಳನ್ನು ಜೋಡಿಸಿದ. ಒಂದು ಗುಂಡಿ ಒತ್ತಿದರೆ ಕಾರು ಕೆಳಗಿಳಿಯುತ್ತದೆ, ಇನ್ನೊಂದನ್ನು ಒತ್ತಿದರೆ ಮೇಲೇಳುತ್ತದೆ. ಪೊಲೀಸರು ಬಂದು ಅಳೆದರೆ ಕಾರು ಕಾನೂನಿನ ಎತ್ತರದಲ್ಲೇ ಇರುತ್ತದೆ!

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲನ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಡಿಕ್ಕಿಯಲ್ಲಿರುವ ಬ್ಯಾಟರಿಗಳು ಪಂಪನ್ನು ನಡೆಸುತ್ತವೆ. ಪಂಪು ಎಣ್ಣೆಯನ್ನು ಗಾಲಿಗಳ ಬಳಿಯ ಸಿಲಿಂಡರುಗಳಿಗೆ ನೂಕುತ್ತದೆ. ಸಿಲಿಂಡರು ಉದ್ದವಾದಾಗ ಕಾರು ಏಳುತ್ತದೆ. ನಮ್ಮೂರಿನ ಟ್ರ್ಯಾಕ್ಟರು ನೇಗಿಲನ್ನು ಮೇಲೆತ್ತುವುದೂ, ಟಿಪ್ಪರ್ ಮಣ್ಣು ಸುರಿಯಲು ಹಿಂದಕ್ಕೆ ವಾಲುವುದೂ ಇದೇ ತತ್ತ್ವದಿಂದ. ಬೀದರಿನ ವಾಯುಪಡೆ ನಿಲ್ದಾಣದಿಂದ ತರಬೇತಿ ವಿಮಾನಗಳು ಏರುವುದನ್ನು ನೀವು ಕಂಡಿರಬಹುದು. 1996ರಲ್ಲಿ ಸೂರ್ಯಕಿರಣ ತಂಡ ರೂಪುಗೊಂಡದ್ದೂ ಅಲ್ಲಿಯೇ. ನೆಲ ಬಿಟ್ಟ ವಿಮಾನ ತನ್ನ ಗಾಲಿಗಳನ್ನು ಮಡಚಿಕೊಳ್ಳುವುದಕ್ಕೂ ಸಾಮಾನ್ಯವಾಗಿ ಈ ಹೈಡ್ರಾಲಿಕ್ ಬಲವೇ ಬೇಕು.

1958ರಲ್ಲಿ ಷೆವರ್ಲೆ ಕಂಪನಿಯ ಇಂಪಾಲಾ ಕಾರು ಬಂತು. 1964ರವರೆಗಿನ ಇಂಪಾಲಾ ಕಾರುಗಳ ಚಾಸಿ ಎಕ್ಸ್ ಅಕ್ಷರದ ಆಕಾರದಲ್ಲಿತ್ತು. ಪಂಪು, ಸಿಲಿಂಡರು ಜೋಡಿಸಿ ಮೈ ತಗ್ಗಿಸಲು ಅದು ಅನುಕೂಲವಾಗಿದ್ದುದರಿಂದ ಲೋರೈಡರುಗಳಿಗೆ ಅದು ಅಚ್ಚುಮೆಚ್ಚಿನದಾಯಿತು.

ಬಣ್ಣದ ಕಸುಬು, ಬಿದರಿಯ ಕಸುಬು

ಕಾರು ತಗ್ಗಿಸಿದರಷ್ಟೇ ಸಾಲದು. ಅದಕ್ಕೆ ಬಣ್ಣ ಹಾಕುವುದೇ ಒಂದು ದೊಡ್ಡ ಕಸುಬು. ಮೊದಲು ಬೆಳ್ಳಿಯ ಅಥವಾ ಚಿನ್ನದ ಹೊಳಪಿನ ಒಂದು ಲೇಪ. ಅದರ ಮೇಲೆ ಪಾರದರ್ಶಕವಾದ ಬಣ್ಣವನ್ನು ತೆಳ್ಳಗೆ ಹಲವು ಸಲ ಸಿಂಪಡಿಸುತ್ತಾರೆ. ಬಿಸಿಲು ಬಿದ್ದಾಗ ಬೆಳಕು ಬಣ್ಣದೊಳಕ್ಕೆ ಇಳಿದು, ಕೆಳಗಿನ ಹೊಳಪಿಗೆ ತಾಗಿ ಹಿಂದಿರುಗುತ್ತದೆ. ಆಗ ಕಾರು ಒಳಗಿನಿಂದಲೇ ಬೆಳಗಿದಂತೆ ಕಾಣುತ್ತದೆ. ಅದರ ಮೇಲೆ ಸಂತರ ಚಿತ್ರ, ತೀರಿಕೊಂಡ ಹಿರಿಯರ ಮುಖ, ಹೂಬಳ್ಳಿ ಬರೆಯುತ್ತಾರೆ. ಕ್ರೋಮಿಯಂ ಲೇಪದ ಬಂಪರು, ಗಾಲಿಗಳ ಮೇಲೆ ಸಣ್ಣ ಉಳಿಯಿಂದ ಬಳ್ಳಿಗಳನ್ನು ಕೊರೆಯುವವರೂ ಇದ್ದಾರೆ.

ಈ ಕೊರೆಯುವ ಕೆಲಸವನ್ನು ನೆನೆದಾಗ ಬೀದರಿನವರಿಗೆ ತಮ್ಮ ಬಿದರಿ ಕಲೆ ಕಣ್ಣ ಮುಂದೆ ಬಾರದಿರದು. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕುಶಲಕರ್ಮಿ ಉಳಿಯಿಂದ ಚಿತ್ತಾರ ಕೊರೆಯುತ್ತಾನೆ. ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ ತಟ್ಟುತ್ತಾನೆ. ಬಳಿಕ ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿದ ಬಿಸಿ ದ್ರಾವಣ ಪಾತ್ರೆಯನ್ನು ಕಪ್ಪಾಗಿಸುತ್ತದೆ. ಬೆಳ್ಳಿ ಮಾತ್ರ ಕಪ್ಪಾಗದೆ ಹೊಳೆಯುತ್ತ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಕಾರಿನ ಬಂಪರಿಗೂ ಹೂಜಿಗೂ ಏನೇನೂ ಸಂಬಂಧವಿಲ್ಲ, ನಿಜ. ಆದರೆ ದಿನಬಳಕೆಯ ಲೋಹದ ವಸ್ತುವನ್ನು ಕೈಕಸುಬಿನಿಂದ ಗೌರವದ ವಸ್ತುವಾಗಿಸುವ ಬುದ್ಧಿ ಎರಡರಲ್ಲೂ ಒಂದೇ.

ನಿಷೇಧದಿಂದ ವಸ್ತು ಸಂಗ್ರಹಾಲಯಕ್ಕೆ

ಲಾಸ್ ಏಂಜಲಿಸ್‌ನ ಪೂರ್ವ ಭಾಗದಲ್ಲಿ ಜೆಸ್ಸಿ ವಲಾಡೆಜ್ ಎಂಬವರ 1964ರ ಇಂಪಾಲಾ ಕಾರಿಗೆ ಜಿಪ್ಸಿ ರೋಸ್ ಎಂದು ಹೆಸರು. ಅದರ ಮೈತುಂಬ ಗುಲಾಬಿ ಹೂಗಳ ಚಿತ್ರ. 1974ರಲ್ಲಿ ಆರಂಭವಾದ ಒಂದು ಟೆಲಿವಿಷನ್ ಧಾರಾವಾಹಿಯ ಮೊದಲ ದೃಶ್ಯಗಳಲ್ಲಿ ಅದು ಕಾಣಿಸಿಕೊಂಡು ದೇಶಕ್ಕೆಲ್ಲ ಪರಿಚಿತವಾಯಿತು. 1977ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಲೋರೈಡರ್ ಎಂಬ ಪತ್ರಿಕೆಯೇ ಹುಟ್ಟಿತು. ಅದರ ಮುದ್ರಿತ ಸಂಚಿಕೆಗಳು 2019ರವರೆಗೂ ಬಂದವು. ಕಾರುಗಳ ಸಂಘಗಳು ಪ್ರದರ್ಶನ ನಡೆಸಿ, ಹೊಲಗೆಲಸದವರ ಚಳವಳಿಗೆ, ಬಡವರ ನೆರವಿಗೆ ಹಣ ಕೂಡಿಸಿ ಕೊಟ್ಟದ್ದೂ ಉಂಟು.

ಆದರೂ ಊರೂರುಗಳಲ್ಲಿ ನಿಷೇಧ ಮುಂದುವರಿಯಿತು. ಒಂದೇ ಬೀದಿಯಲ್ಲಿ ನಿಧಾನವಾಗಿ ಸುತ್ತು ಹಾಕುವುದನ್ನೇ ಅಪರಾಧವೆಂದು ಹಲವು ನಗರಗಳು ಸಾರಿದವು. ಸಂಚಾರಕ್ಕೆ ಅಡ್ಡಿಯಾಗುತ್ತದೆ, ಪುಂಡರು ಸೇರುತ್ತಾರೆ ಎಂಬುದು ಅವರ ವಾದ. ಸಂಚಾರದ ತೊಂದರೆ ಸುಳ್ಳಲ್ಲ. ಆದರೆ ಕಾರಿನ ರೂಪ ನೋಡಿಯೇ ಒಡೆಯನನ್ನು ಪುಂಡನೆಂದು ತೀರ್ಮಾನಿಸುವುದು ಅನ್ಯಾಯವೆಂದು ಆ ಜನ ವಾದಿಸುತ್ತ ಬಂದರು. ಕೊನೆಗೆ 2023ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯ ಹೊಸ ಕಾಯಿದೆಯೊಂದಕ್ಕೆ ಅಂಗೀಕಾರ ನೀಡಿತು. 2024ರ ಜನವರಿ 1ರಿಂದ ಆ ರಾಜ್ಯದ ನಗರಗಳು ಇಂಥ ಸಂಚಾರವನ್ನು ನಿಷೇಧಿಸುವಂತಿಲ್ಲ. 1958ರ ಎತ್ತರದ ನಿಯಮವೂ ಅದರೊಂದಿಗೆ ಹೋಯಿತು. ಇದಕ್ಕೆ ಹಿಡಿದದ್ದು 66 ವರ್ಷ.

ಅಷ್ಟರಲ್ಲಿ ಈ ಕಾರುಗಳು ಚರಿತ್ರೆಯ ವಸ್ತುಗಳಾಗಿದ್ದವು. ನ್ಯೂ ಮೆಕ್ಸಿಕೊದ ಡೇವಿಡ್ ಹರಮಿಯೊ ಎಂಬಾತ ತನ್ನ 1969ರ ಫೋರ್ಡ್ ಕಾರನ್ನು ಸಿಂಗರಿಸತೊಡಗಿದ್ದ. ಕೆಲಸ ಮುಗಿಯುವ ಮೊದಲೇ 1978ರಲ್ಲಿ ತೀರಿಕೊಂಡ. ಅವನ ಮನೆಯವರು ಆ ಕೆಲಸವನ್ನು ಪೂರ್ತಿ ಮಾಡಿದರು. ಡೇವ್ಸ್ ಡ್ರೀಮ್, ಅಂದರೆ ಡೇವಿಡನ ಕನಸು ಎಂಬ ಆ ಕಾರು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯದ ಆಸ್ತಿ.

ನಮ್ಮಲ್ಲಿ ಏಕೆ ಆಗಲಿಲ್ಲ?

ಅಮೆರಿಕನ್ ಕಾರುಗಳು ನಮ್ಮ ದೇಶಕ್ಕೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಬಂದವು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರು, ಲಾರಿಗಳನ್ನು ಜೋಡಿಸುವ ಕಾರ್ಖಾನೆ ತೆರೆಯಿತು. ಸ್ವಾತಂತ್ರ್ಯದ ಹೊತ್ತಿಗೆ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಡಾಜ್, ಡಿಸೋಟೊ, ಪ್ಲಿಮತ್ ವಾಹನಗಳನ್ನು ಜೋಡಿಸತೊಡಗಿತು. ಆದರೆ 1950ರ ದಶಕದಲ್ಲಿ ದೇಶೀಯ ಕೈಗಾರಿಕೆಯ ರಕ್ಷಣೆಗಾಗಿ ಸರ್ಕಾರ ಹೊಸ ನೀತಿ ತಂದಾಗ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಇಲ್ಲಿಂದ ಹೊರಟವು. ಉಳಿದ ಅಮೆರಿಕನ್ ಕಾರುಗಳ ಸಂಖ್ಯೆ ಕಡಿಮೆಯಾದ್ದರಿಂದ ಅವು ಎಂದೂ ಕೂಲಿಕಾರನಿಗೆ ಎಟುಕುವಷ್ಟು ಅಗ್ಗವಾಗಲಿಲ್ಲ. ಅವುಗಳ ಒಡೆಯರು ರೂಪ ಬದಲಿಸದೆ ಮೊದಲಿದ್ದಂತೆಯೇ ಜೋಪಾನ ಮಾಡಿದರು. ಧರ್ಮಸ್ಥಳದ ಸಂಗ್ರಹದಲ್ಲಿ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿ ಅಂಥ ಹಳೆಯ ಕಾರುಗಳನ್ನು ನೋಡಬಹುದು.

ಆದ್ದರಿಂದ ನಮ್ಮ ಸಾಮಾನ್ಯ ಜನರ ಸಿಂಗಾರದ ಕೈ ಬೇರೆ ವಾಹನಗಳ ಮೇಲೆ ಆಡಿತು. ಭಾಲ್ಕಿ, ಔರಾದ್ ಸೀಮೆ ದೇವಣಿ ತಳಿಯ ದನಗಳಿಗೆ ಹೆಸರಾದುದು. ಕಾರ ಹುಣ್ಣಿಮೆಗೆ, ಮರಾಠಿ ಮಾತಾಡುವ ಮನೆಗಳಲ್ಲಿ ಪೋಳಾ ಹಬ್ಬಕ್ಕೆ, ಎತ್ತುಗಳ ಮೈ ತೊಳೆದು ಸಿಂಗರಿಸಿ ಮೆರೆಸುತ್ತಾರೆ. ಬಂಡಿ ಮಾಡುವ ಬಡಗಿ, ಹಳಿ ಕಟ್ಟುವ ಕಮ್ಮಾರ, ಗೊಂಡೆ ಕಟ್ಟುವವರು, ಗೆಜ್ಜೆ ಮಾರುವವರು ಇವರೆಲ್ಲರ ಕೈಗುಣ ಒಂದು ಬಂಡಿಯಲ್ಲಿ ಕೂಡಿರುತ್ತದೆ. ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು ಬಂದ ಮೇಲೂ ಆ ಮನಸ್ಸು ಹೋಗಿಲ್ಲ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಹಾದಿ ಹಿಡಿದ ಟ್ರ್ಯಾಕ್ಟರುಗಳನ್ನು ನೋಡಿ. ಮುಂಭಾಗಕ್ಕೆ ಬಣ್ಣದ ರಿಬ್ಬನ್, ದೇವರ ಹೆಸರು, ತಂದೆತಾಯಿಯ ಹೆಸರು, ಮೇಲೆ ಹಾಡಿನ ಪೆಟ್ಟಿಗೆ. ದಿನವಿಡೀ ಧೂಳಿನಲ್ಲಿ ದುಡಿಯುವವನು ‘ನಾನೂ ಇದ್ದೇನೆ, ನೋಡಿ’ ಎಂದು ಹೇಳುವ ರೀತಿ ಅದು.

ಸಿಂಗಾರಕ್ಕೆ ಎಲ್ಲೆ ಎಲ್ಲಿ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಲೋರೈಡರುಗಳ ಕಥೆ ಓದಿ ನಿಮ್ಮ ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಕಿತ್ತು ಹಾಕಬೇಡಿ! 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಿಗದಿ ಮಾಡಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಕೆಎ 38 ಸಂಖ್ಯೆಯ ಬೀದರಿನ ಗಾಡಿಗೂ ಕೆಎ 39 ಸಂಖ್ಯೆಯ ಭಾಲ್ಕಿಯ ಗಾಡಿಗೂ ಇದು ಒಂದೇ.

ಇದರಲ್ಲಿ ಅರ್ಥವಿದೆ. ಸ್ಪ್ರಿಂಗ್ ಕತ್ತರಿಸಿದರೆ ಬ್ರೇಕು ಹಿಡಿಯುವ ರೀತಿ, ತಿರುವಿನಲ್ಲಿ ಗಾಡಿ ನಿಲ್ಲುವ ರೀತಿ ಎರಡೂ ಕೆಡುತ್ತವೆ. ಬೀದಿ ಎಲ್ಲರದು. ರಾತ್ರಿ ಹೊತ್ತು ಕಬ್ಬು ತುಂಬಿ ಹೋಗುವ ಟ್ರೇಲರಿನ ಮುಂದೆ ಎಷ್ಟು ರಿಬ್ಬನ್ನಿದ್ದರೂ ಹಿಂದೆ ಬೆಳಕು ಪ್ರತಿಫಲಿಸುವ ಕೆಂಪು ಪಟ್ಟಿ ಇಲ್ಲದಿದ್ದರೆ, ಹಿಂದಿನಿಂದ ಬರುವ ಸವಾರನ ಪ್ರಾಣಕ್ಕೆ ಅಪಾಯ. ಆ ಕೆಂಪು ಪಟ್ಟಿಯನ್ನೂ ಸಿಂಗಾರದ ಭಾಗವಾಗಿಸಿಕೊಂಡರೆ ಟ್ರ್ಯಾಕ್ಟರಿನ ಅಂದ ಕೆಡುವುದಿಲ್ಲ.

ನೀವು ಮಾಡಬಹುದಾದ ಕೆಲಸ

ದೊರೆಯ ಕಾರನ್ನು ಉಳಿಸಲು ಅರಮನೆಯಿತ್ತು. ಕೂಲಿಕಾರನ ಮಗನ ಕಾರನ್ನು ಉಳಿಸಲು ಅವನ ಮನೆಯವರೂ ನೆರೆಹೊರೆಯವರೂ ನಿಂತರು, ಆಮೇಲೆ ಸಂಗ್ರಹಾಲಯವೂ ಬಂತು. ನಮ್ಮ ಸಿಂಗಾರದ ಬಂಡಿಯ ಗತಿಯೇನು? ಕಟ್ಟಿಗೆಯ ಗಾಲಿಗಳ ಜಾಗಕ್ಕೆ ಟೈರುಗಳು ಬಂದವು, ಆಮೇಲೆ ಬಂಡಿಗಳೇ ಕಡಿಮೆಯಾದವು. ಗಾಲಿ ಮಾಡುವ ಬಡಗಿಯ ಮಕ್ಕಳು ಬೇರೆ ಕೆಲಸಕ್ಕೆ ಹೋದರು. ಹಳೆಯ ಗಾಲಿ ಎಷ್ಟೋ ಮನೆಗಳ ಹಿತ್ತಲಲ್ಲಿ ಗೋಡೆಗೊರಗಿ ಗೆದ್ದಲು ಹಿಡಿಯುತ್ತಿದೆ. ಅದರ ಬಗ್ಗೆ ಬರೆದಿಟ್ಟವರು ಕಡಿಮೆ.

ಈ ಕೆಲಸಕ್ಕೆ ದೊಡ್ಡ ಪದವಿ ಬೇಕಾಗಿಲ್ಲ. ಮುಂದಿನ ರಜೆಯಲ್ಲಿ ನಿಮ್ಮ ಊರಿನ ಒಂದು ಹಳೆಯ ಬಂಡಿಯನ್ನು ಹುಡುಕಿ. ಗಾಲಿಯ ಅಡ್ಡಳತೆ, ಅರಗಳ ಸಂಖ್ಯೆ, ಅಚ್ಚಿನ ಉದ್ದವನ್ನು ಅಳೆದು ಬರೆಯಿರಿ. ಪ್ರತಿ ಭಾಗಕ್ಕೂ ನಿಮ್ಮ ಊರಿನಲ್ಲಿ ಏನು ಹೆಸರೆಂದು ಹಿರಿಯರನ್ನು ಕೇಳಿ, ಕನ್ನಡ, ಉರ್ದು, ಮರಾಠಿ ಯಾವ ಮಾತಿನಲ್ಲಿ ಹೇಳಿದರೂ ಹೇಳಿದಂತೆಯೇ ಬರೆದುಕೊಳ್ಳಿ. ಯಾರು ಮಾಡಿದ್ದು, ಯಾವ ಕಟ್ಟಿಗೆ, ಯಾವ ಬಣ್ಣ, ಎಷ್ಟು ಖರ್ಚಾಯಿತು, ಮೊದಲ ಸಲ ಅದನ್ನು ಯಾವ ಹಬ್ಬಕ್ಕೆ ಹೂಡಿದರು ಎಂದು ವಿಚಾರಿಸಿ. ಒಂದು ಚಿತ್ರ ಬರೆಯಿರಿ ಅಥವಾ ಫೋಟೋ ತೆಗೆಯಿರಿ. ಶಾಲೆಯ ಇಪ್ಪತ್ತು ಮಕ್ಕಳು ಹೀಗೆ ಬರೆದ ಇಪ್ಪತ್ತು ಹಾಳೆಗಳನ್ನು ಒಟ್ಟಿಗೆ ಹೊಲಿದು ಗ್ರಂಥಾಲಯದಲ್ಲಿಟ್ಟರೆ, ನಾಳೆ ಬೀದರ್ ಜಿಲ್ಲೆಯ ಚರಿತ್ರೆ ಬರೆಯುವವರಿಗೆ ಅದೇ ಆಧಾರವಾಗುತ್ತದೆ.

ನಿಮ್ಮ ಅಜ್ಜನನ್ನು ಕೇಳುವುದರಿಂದಲೇ ಈ ಕೆಲಸ ಆರಂಭಿಸಿ. ಅವರು ಬಂಡಿಯ ಮಾತು ತೆಗೆದರೆ ಬೇಗನೆ ನಿಲ್ಲಿಸುವುದಿಲ್ಲ. ಆದ್ದರಿಂದ ಕೈಯಲ್ಲಿ ದೊಡ್ಡದೊಂದು ನೋಟುಬುಕ್ಕು ಇರಲಿ.